ಸುಗತನ ಜರಡಿ

ಮದುವೆ ಕೂಡಿಸುವ ಕಂಪನಿಯಲ್ಲಿ ಫೋನೆತ್ತಿ ಬೈಸಿಕೊಳ್ಳುವುದು ಕೆಲವು ವರ್ಷ ನನ್ನ ಕೆಲಸವಾಗಿತ್ತು. ನನ್ನ ಹೆಸರು ಉಮ್ಮೆ ಕುಲ್ಸುಂ. ಮನೆ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿ. ಕನ್ನಡ ಶಾಲೆಯಲ್ಲಿ ಓದಿದವಳು. ‘ಅರೆ, ನಿಮಗೆ ಇಷ್ಟು ಚೆನ್ನಾಗಿ ಕನ್ನಡ ಬರುತ್ತಲ್ಲ’ ಎಂದು ಆಶ್ಚರ್ಯಪಡುವವರಿಗೆ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಮತ್ತೆ ಕೊಡುವುದಿಲ್ಲ. ಇದು ನನ್ನ ಕತೆಯೂ ಅಲ್ಲ. ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದ ಸುಗತನ ಕತೆ. ಅವನ ಬಗ್ಗೆ ಬರೆಯುವವರು ಬೇರೆ ಯಾರೂ ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ನಾನೇ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಚಪ್ಪರ ಡಾಟ್ ಕಾಮ್. ಇಂದಿರಾನಗರದ ಒಂದು ಹಳೆಯ ಮನೆಯ ಕೆಳಗಿನ ಅಂತಸ್ತಿನಲ್ಲಿ ನಡೆಯುತ್ತಿತ್ತು. ಮಾಲೀಕ ಮುನೀಂದ್ರ. ಅವರ ತಾತ ರಾಗಿ ಬೆಳೆದ ಹೊಲದ ಮೇಲೆ ಈಗ ಯಾರದೋ ಬಡಾವಣೆ ಎದ್ದಿತ್ತು, ಆ ದುಡ್ಡಿನಲ್ಲಿ ಅವರು ಕಂಪ್ಯೂಟರ್ ತಂದು ಹಾಕಿದ್ದರು. ಮಾತೆತ್ತಿದರೆ ಎಲ್ಲರಿಗೂ ‘ಗುರು’ ಎನ್ನುತ್ತಿದ್ದರು, ಸಂಬಳ ಮಾತ್ರ ಶಿಷ್ಯರಿಗೆ ಕೊಡುವಷ್ಟೇ ಕೊಡುತ್ತಿದ್ದರು. ನಮ್ಮ ವ್ಯಾಪಾರ ಇಷ್ಟೇ: ಹುಡುಗ ಹುಡುಗಿಯರು ತಮ್ಮ ವಿವರ ಹಾಕಬಹುದು, ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಪತ್ರ ಬರೆಯಬಹುದು. ಆದರೆ ಫೋನ್ ನಂಬರ್ ಬೇಕೆಂದರೆ ಹಣ ಕಟ್ಟಬೇಕು. ನಮ್ಮ ಜನ ಬಿಡುತ್ತಾರೆಯೇ? ಪತ್ರದೊಳಗೇ ನಂಬರ್ ತೂರಿಸಿ ಕಳಿಸುತ್ತಿದ್ದರು. ಹಾಗೆ ತೂರಿದ ನಂಬರನ್ನು ಹಿಡಿದು ಅಳಿಸುವುದು ಸುಗತನ ಕೆಲಸ.

ಪತ್ರಗಳನ್ನು ಅವನು ಕಣ್ಣಿಂದ ಓದಿ ಹಿಡಿಯುತ್ತಿರಲಿಲ್ಲ. ಅದಕ್ಕೆಂದು ಒಂದೊಂದು ಸಾಲಿನ ನಿಯಮ ಬರೆಯುತ್ತಿದ್ದ. ಇಂಗ್ಲಿಷಿನಲ್ಲಿ ಅದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರಂತೆ, ಆಫೀಸಿನಲ್ಲಿ ನಾವು ಜರಡಿ ಎನ್ನುತ್ತಿದ್ದೆವು. ನನಗೆ ಆ ಸಾಲುಗಳು ಕೋಳಿ ಕಾಲಿನಿಂದ ಕೆದರಿದ ಹಾಗೆ ಕಾಣುತ್ತಿದ್ದವು. ಒಮ್ಮೆ ಊಟದ ಹೊತ್ತಿನಲ್ಲಿ ನನಗೂ ಅರ್ಥವಾಗುವ ಹಾಗೆ ಹೇಳಿಕೊಟ್ಟ.

“ಇಂಥದೇ ಅಕ್ಷರ ಹುಡುಕು ಅಂತ ಹೇಳೋದಲ್ಲ ಕುಲ್ಸುಂ. ಹಿಂಗಿರೋದು ಎಲ್ಲಿ ಕಂಡ್ರೂ ಹಿಡಿ ಅಂತ ರೂಪ ಹೇಳೋದು. ಯಾವುದಾದ್ರೂ ಒಂದು ಅಂಕೆ ಅನ್ನೋಕೆ ಒಂದು ಗುರುತು. ಏನಾದ್ರೂ ಇರ್ಲಿ ಅನ್ನೋಕೆ ಒಂದು ಚುಕ್ಕಿ. ಎಷ್ಟಾದ್ರೂ ಇರ್ಲಿ ಅನ್ನೋಕೆ ಒಂದು ನಕ್ಷತ್ರ.”

“ಮದುವೆ ಹುಡುಗಿ ಹುಡುಕೋರೂ ಇದನ್ನೇ ಅಲ್ವಾ ಸುಗತ್ ಭಾಯ್ ಮಾಡೋದು? ರೂಪ ಹೇಳಿ ಹುಡುಕೋದು” ಎಂದೆ. ಅವನು ನಕ್ಕ. ಅವನ ನಗು ಶಬ್ದವಿಲ್ಲದ್ದು, ಹೆಗಲು ಮಾತ್ರ ಅಲ್ಲಾಡುತ್ತಿತ್ತು.

ಅವನ ತಂದೆ ಹಲಸೂರಿನವರು, ಕಾರ್ಖಾನೆಯಲ್ಲಿ ಫಿಟ್ಟರ್. ಬೌದ್ಧರಾದ ಮೇಲೆ ಹುಟ್ಟಿದ ಮಗನಿಗೆ ಸುಗತ ಎಂದು ಹೆಸರಿಟ್ಟರು. ಮನೆಯಲ್ಲಿದ್ದ ಪಂಚಾಂಗವನ್ನು ಒಲೆಗೆ ಹಾಕಿದರಂತೆ. ತಾಯಿ ವೆಂಕಟಮ್ಮ ಮಾತ್ರ ಹಬ್ಬದ ದಿನ ಗಂಡನಿಗೆ ಗೊತ್ತಾಗದ ಹಾಗೆ ಪಕ್ಕದ ಮನೆಗೆ ಹೋಗಿ ಕೈಮುಗಿದು ಬರುತ್ತಿದ್ದರು. ಸುಗತ ಶಿವಾಜಿನಗರದ ಟೈಪಿಂಗ್ ಇನ್ಸ್‌ಟಿಟ್ಯೂಟಿಗೆ ಸೇರಿದ. ತೊಂಬತ್ತರ ಆಚೀಚೆ ಆ ಇನ್ಸ್‌ಟಿಟ್ಯೂಟ್ ಟೈಪ್‌ರೈಟರುಗಳನ್ನು ಮಾರಿ ಕಂಪ್ಯೂಟರ್ ತಂದಿತು, ಬೋರ್ಡಿನ ಮೇಲಿನ ಹೆಸರು ಬದಲಾಯಿತು, ಸುಗತ ಮಾತ್ರ ಅದೇ ಕುರ್ಚಿಯಲ್ಲಿ ಕೂತಿದ್ದ. ಆಮೇಲೆ ವಿಳಾಸಗಳನ್ನು ತಿದ್ದಿ ಕೊಡುವ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಸಾವಿರಾರು ವಿಳಾಸದಲ್ಲಿ ಎಲ್ಲೆಲ್ಲಿ ‘ರಸ್ತೆ’ ಎಂಬುದನ್ನು ಹೇಗೆ ಹೇಗೆ ಬರೆದಿದ್ದಾರೋ ಅದನ್ನೆಲ್ಲ ಒಂದೇ ಸಾಲಿನಲ್ಲಿ ಹಿಡಿಯುವುದನ್ನು ಅಲ್ಲಿ ಕಲಿತ. ಕಲಿತದ್ದೇ ತಡ, ಅದೇ ಹುಚ್ಚು ಹಿಡಿಯಿತು. ಬಸ್ಸಿನ ಟಿಕೆಟ್ ಕೈಗೆ ಬಂದರೂ ಇದನ್ನು ಹಿಡಿಯಲು ಎಂಥ ಸಾಲು ಬೇಕು ಎಂದು ಯೋಚಿಸುತ್ತಿದ್ದನಂತೆ.

ತಂದೆ ತೀರಿಕೊಂಡರು. ಆಮೇಲೆ ತಾಯಿ. ಹಲಸೂರಿನ ಬಾಡಿಗೆ ಮನೆ ಬಿಟ್ಟು ಕಮ್ಮನಹಳ್ಳಿಯಲ್ಲಿ ಮಾಳಿಗೆಯ ಮೇಲಿನ ಒಂಟಿ ಕೋಣೆಗೆ ಬಂದ. ಕೆಳಗೆ ಬೇಕರಿ, ಎದುರಿಗೆ ಬಟ್ಟೆ ಅಂಗಡಿ, ಸಂಜೆಯಾದರೆ ರಸ್ತೆ ತುಂಬ ಜನ. ಅಷ್ಟು ಜನರ ನಡುವೆ ಅವನ ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಭಾನುವಾರಗಳು ಬಹಳ ಉದ್ದ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದ. ನಮ್ಮ ಮನೆಯಲ್ಲಿ ಭಾನುವಾರ ಉಸಿರಾಡಲು ಜಾಗವಿರುವುದಿಲ್ಲ, ಅದರಲ್ಲಿ ಸ್ವಲ್ಪ ಉದ್ದ ನನಗೆ ಕೊಡಿ ಎಂದು ತಮಾಷೆ ಮಾಡಿದೆ. ಅವನ ಮುಖ ನೋಡಿದ ಮೇಲೆ ಆ ತಮಾಷೆ ಬೇಡವಾಗಿತ್ತು ಎನಿಸಿತು.

ಅವನು ಚಪ್ಪರಕ್ಕೆ ಸೇರಿದ ಹೊಸತರಲ್ಲಿ ಒಂದು ಜಗಳವಾಯಿತು. ಜರಡಿ ಹಿಡಿದ ಪತ್ರಗಳ ಮೂಲ ಪ್ರತಿ ಒಂದು ಕಡೆ ಉಳಿಯುತ್ತಿತ್ತು. ಆಫೀಸಿನ ಹುಡುಗರು ಟೀ ಹೊತ್ತಿನಲ್ಲಿ ಅದನ್ನು ತೆರೆದು, ಯಾರೋ ಹುಡುಗಿ ಯಾರಿಗೋ ಬರೆದದ್ದನ್ನು ದನಿ ಮಾಡಿ ಓದಿ ನಗುತ್ತಿದ್ದರು. ಸುಗತ ಎದ್ದು ಹೋಗಿ ಪರದೆಯನ್ನೇ ಆರಿಸಿದ. ಅವನು ದನಿಯೇರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನೇರ ಮುನೀಂದ್ರರ ಕೋಣೆಗೆ ಹೋಗಿ ನಿಯಮ ಮಾಡಿಸಿಕೊಂಡು ಬಂದ: ಬರೆದವರೋ ಪಡೆದವರೋ ದೂರು ಕೊಟ್ಟರೆ ಮಾತ್ರ ಮೂಲ ತೆರೆಯಬೇಕು, ಇಲ್ಲದಿದ್ದರೆ ಮಾಲೀಕರೂ ತೆರೆಯಬಾರದು. ಬೀಗದ ಪಾಸ್‌ವರ್ಡ್ ಸುಗತನ ತಲೆಯಲ್ಲಿ ಮಾತ್ರ. ಆ ದಿನ ನನಗೆ ಅವನ ಮೇಲೆ ಗೌರವ ಬಂದದ್ದು ಇವತ್ತಿಗೂ ಹೋಗಿಲ್ಲ.

ಜನರೂ ಅವನೂ ಆಡುತ್ತಿದ್ದ ಆಟ ನೋಡಲು ಚೆನ್ನಾಗಿತ್ತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಹಾಗೆ. ಅಂಕೆ ಬಿಟ್ಟು ಅಕ್ಷರದಲ್ಲಿ ಬರೆದರು, ಅವನು ಅದನ್ನೂ ಹಿಡಿದ. ಸೊನ್ನೆಯ ಜಾಗಕ್ಕೆ ಇಂಗ್ಲಿಷಿನ ಓ ಹಾಕಿದರು, ಅದನ್ನೂ ಹಿಡಿದ. ಕೊನೆಗೊಬ್ಬ ಮಹಾಶಯ ಬರೆದ: ನನಗೆ ಒಂಬತ್ತು ಜನ ಅಕ್ಕಂದಿರು, ಎಂಟು ಜನ ಅಣ್ಣಂದಿರು, ನಾಲ್ಕು ಹಸು, ಐದು ಕುರಿ... ಹೀಗೆ ಹಟ್ಟಿಯ ದನಕರುಗಳಲ್ಲೇ ಪೂರ್ತಿ ಮೊಬೈಲ್ ನಂಬರ್. ಅದನ್ನು ಕಂಡು ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮುನೀಂದ್ರ ನಗಲಿಲ್ಲ.

“ಏನ್ ಗುರು ಇದು, ಎಲ್ರೂ ಹಿಂಗೇ ಶುರು ಮಾಡಿದ್ರೆ ನಾನು ಬಾಗ್ಲು ಹಾಕ್ಕೊಂಡು ಹೋಗ್ಬೇಕು. ಮಧ್ಯೆ ಏನೇ ಬರೀಲಿ, ಎಷ್ಟೇ ಬರೀಲಿ, ಹಿಡಿದ್ಬಿಡು.”

ಸುಗತ ಹಿಡಿದ. ಹೊಸ ಸಾಲು ಬರೆದ: ಒಂದು ಪತ್ರದಲ್ಲಿ ಅಂಕಿಯಲ್ಲೋ ಅಕ್ಷರದಲ್ಲೋ ಆರು ಅಥವಾ ಹೆಚ್ಚು ಅಂಕೆಗಳಿದ್ದರೆ, ನಡುವೆ ಏನಾದರೂ ಇರಲಿ, ಎಷ್ಟಾದರೂ ಇರಲಿ, ಮೊದಲ ಅಂಕೆಯಿಂದ ಕೊನೆಯ ಅಂಕೆಯವರೆಗೆ ಎಲ್ಲವನ್ನೂ ಅಳಿಸು. ಅಲ್ಲಿ ‘ಸಂಪರ್ಕ ವಿವರ ತೆಗೆಯಲಾಗಿದೆ’ ಎಂದು ಬರೆ. ಕಳ್ಳಾಟದ ಪತ್ರಗಳನ್ನೆಲ್ಲ ಒಂದೊಂದಾಗಿ ಹಾಕಿ ಪರೀಕ್ಷೆ ಮಾಡಿದ, ಒಂದೂ ತಪ್ಪಿಸಿಕೊಳ್ಳಲಿಲ್ಲ. ಸಾಚಾ ಜನರು ಬರೆದ ಪತ್ರ ಹಾಕಿ ನೋಡುವುದು ಅವನಿಗೆ ಹೊಳೆಯಲಿಲ್ಲ. ಅದು ೨೦೦೪ರ ಆಗಸ್ಟ್ ತಿಂಗಳು.

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು, ಅದು ಆಫೀಸಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಸುಗತನೂ ಚಪ್ಪರದಲ್ಲಿ ತನ್ನ ವಿವರ ಹಾಕಿದ್ದ. ಹಾಕಿಸಿದವಳು ನಾನೇ. ಒಂದು ಫೋಟೋ, ವಯಸ್ಸು ಮೂವತ್ತಾರು, ಜಾತಿ ಎಂಬಲ್ಲಿ ಬೌದ್ಧ. ಬಹಳ ದಿನ ಯಾರೂ ಬರೆಯಲಿಲ್ಲ. ಬರೆದವರು ಒಂದೆರಡು ಪತ್ರದಲ್ಲಿ ‘ಬೌದ್ಧ ಅಂದರೆ ಮೊದಲು ಏನು?’ ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಮಾಯವಾದರು. ಆಮೇಲೆ ಕೆ.ಆರ್. ಪುರದಿಂದ ಭಾಗ್ಯಲಕ್ಷ್ಮಿ ಎಂಬುವಳು ಬರೆದಳು. ಶಿಶುವಿಹಾರದಲ್ಲಿ ಟೀಚರ್. ಪ್ರತಿ ಶನಿವಾರ ಶಾಲೆ ಮುಗಿಸಿ ಸೈಬರ್ ಸೆಂಟರಿಗೆ ಹೋಗಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದಳು. ಅವಳ ಮೊದಲ ಪ್ರಶ್ನೆ: ‘ನಿಮ್ಮ ಹೆಸರಿನ ಅರ್ಥ ಏನು? ನಮ್ಮ ಶಾಲೆಯಲ್ಲಿ ಇಂಥ ಹೆಸರಿನ ಮಗು ಒಂದೂ ಇಲ್ಲ.’

ಆ ಪತ್ರ ಬಂದ ದಿನ ಸುಗತ ನನ್ನನ್ನು ಕರೆದು ತೋರಿಸಿದ. ತನಗೆ ಬಂದ ಪತ್ರವನ್ನು ಯಾರಿಗಾದರೂ ತೋರಿಸುವುದು ಅವನಿಗೆ ಅದೇ ಮೊದಲಿರಬೇಕು. ಅಲ್ಲಿಂದ ಶನಿವಾರಕ್ಕೊಂದು ಪತ್ರ, ಸೋಮವಾರಕ್ಕೊಂದು ಉತ್ತರ. ಅವಳು ಮಕ್ಕಳ ವಿಷಯ ಬರೆಯುತ್ತಿದ್ದಳು, ಅಪ್ಪನ ಮಂಡಿನೋವು, ಹೊಸದಾಗಿ ಕಟ್ಟಿದ ತೂಗುಸೇತುವೆಯ ಮೇಲೆ ಜನ ಬಸ್ಸು ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಳ್ಳುವುದು. ಇವನು ಏನು ಬರೆಯುತ್ತಿದ್ದನೋ ನಾನು ಕೇಳಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರಲು ಶುರುಮಾಡಿದ. ಪತ್ರ ಓದಲು ಇಸ್ತ್ರಿ ಅಂಗಿ ಯಾಕೆ ಭಾಯ್ ಎಂದರೆ ಕಿವಿ ಕೆಂಪಾಗುತ್ತಿತ್ತು.

“ಹಣ ಕಟ್ಟಿ ನಂಬರ್ ತಗೊಂಡು ಮಾತಾಡ್ರಿ” ಎಂದು ನಾನು ಪೀಡಿಸುತ್ತಿದ್ದೆ.

“ಅಲ್ಲಿರೋದು ಅವರ ಅಪ್ಪನ ನಂಬರು. ಅವರು ಹೇಳದೆ ಅಪ್ಪನಿಗೆ ಫೋನ್ ಮಾಡೋದು ಸರಿಯಲ್ಲ. ಅವರಾಗಿಯೇ ಹೇಳ್ಲಿ” ಎನ್ನುತ್ತಿದ್ದ.

ಹೊಸ ಜರಡಿ ಹಾಕಿದ ವಾರವೇ ಅವಳ ಪತ್ರ ಹೀಗೆ ಬಂತು: ‘ನಮಸ್ಕಾರ. ಬಹಳ ಯೋಚನೆ ಮಾಡಿ ಬರೆಯುತ್ತಿದ್ದೇನೆ. ಸಂಪರ್ಕ ವಿವರ ತೆಗೆಯಲಾಗಿದೆ. ನಿಮಗೆ ಮನಸ್ಸಿದ್ದರೆ ಸಾಕು. ಭಾಗ್ಯ.’

ಸುಗತ ಅದನ್ನು ಎಷ್ಟು ಹೊತ್ತು ನೋಡಿದನೋ. ಅವನ ಮುಖದಲ್ಲಿ ಖುಷಿಯೂ ಇತ್ತು, ಸಂಕಟವೂ ಇತ್ತು. “ನಂಬರ್ ಬರ್ದಿದಾರೆ ಕುಲ್ಸುಂ. ನನಗೇ ನಂಬರ್ ಬರ್ದಿದಾರೆ.”

“ತೆಗೆದು ನೋಡ್ರಿ ಮತ್ತೆ! ಬೀಗ ನಿಮ್ಮ ಹತ್ರನೇ ಇದೆ.”

“ದೂರು ಇಲ್ದೆ ತೆಗೆಯೋ ಹಾಗಿಲ್ಲ.”

“ಪತ್ರ ಪಡೆದವರು ನೀವೇ ತಾನೆ? ದೂರು ಕೊಡಿ. ನಾನು ಈಗಲೇ ಬರ್ಕೋತೀನಿ.”

ಅವನು ತಲೆಯಾಡಿಸಿದ. “ನಾನೇ ದೂರು ಕೊಟ್ಟು, ನಾನೇ ಬೀಗ ತೆಗೆದು, ನಾನೇ ಓದೋದಾ? ಬೇಲಿನೇ ಎದ್ದು ಹೊಲ ಮೇಯ್ದಂಗೆ ಆಗ್ತದೆ. ಅವತ್ತು ಆ ಹುಡುಗರಿಗೆ ಅಷ್ಟು ಬೈದಿದ್ದೀನಿ. ಆಮೇಲೆ ಯಾವ ಮುಖ ಇಟ್ಕೊಂಡು ಅವರ ಎದುರು ಕೂರ್ಲಿ?”

ಅವನು ಉತ್ತರ ಬರೆದ. ನನಗೆ ತೋರಿಸಿದ ಮೇಲೆಯೇ ಕಳಿಸಿದ, ನಾನು ಬೇಡವೆಂದರೂ ಕಳಿಸಿದ: ‘ನಿಮ್ಮ ಪತ್ರ ತಲುಪಿತು. ಇಲ್ಲಿ ನಂಬರ್ ಬರೆಯುವುದು ನಿಯಮಕ್ಕೆ ವಿರುದ್ಧ, ದಯವಿಟ್ಟು ಬರೆಯಬೇಡಿ. ನಿಧಾನವಾಗಿ ಪರಿಚಯವಾಗಲಿ.’ ಹೆಣ್ಣುಮಗಳು ತಾನಾಗಿ ಒಂದು ಹೆಜ್ಜೆ ಮುಂದೆ ಬಂದರೆ ನಿಯಮ ಹೇಳುತ್ತೀರಲ್ಲ, ನಿಮಗೆ ಬುದ್ಧಿ ಇದೆಯೇ ಎಂದು ನಾನು ರೇಗಿದೆ. ಮುಂದಿನ ಶನಿವಾರ ಮತ್ತೆ ಬರೆಯುತ್ತಾರೆ ಎಂದ.

ಮುಂದಿನ ಶನಿವಾರ ಪತ್ರ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಅವಳ ವಿವರದ ಪುಟ ತೆರೆದರೆ ‘ಸದಸ್ಯರು ಈಗ ಇಲ್ಲ’ ಎಂದು ಬರುತ್ತಿತ್ತು. ಸುಗತನ ಇಸ್ತ್ರಿ ಅಂಗಿ ನಿಂತಿತು. ಊಟದ ಡಬ್ಬಿ ತೆರೆಯುವುದು, ಎರಡು ತುತ್ತು ತಿಂದು ಮುಚ್ಚುವುದು. ನಂಬರ್ ಬೇಡವೆಂದದ್ದಕ್ಕೆ ಬೇಸರವಾಗಿರಬೇಕು ಎಂದು ಒಮ್ಮೆ ಗೋಡೆಗೆ ಹೇಳುವ ಹಾಗೆ ಹೇಳಿದ. 

ಸೆಪ್ಟೆಂಬರಿನಲ್ಲಿ ನನ್ನ ಫೋನಿಗೆ ಪಿಳ್ಳಪ್ಪ ಎಂಬ ಹಿರಿಯರ ಕರೆ ಬಂತು. ವರ್ತೂರು ಕಡೆಯವರು, ದನಿ ಫೋನಿನಿಂದ ಹೊರಗೆ ಬರುವಂಥದು.

“ಏನಮ್ಮಾ, ನನ್ ಮಗಳ ಜಾತ್ಕ ಏನ್ ಮಾಡಿದ್ರಿ? ಹುಟ್ಟಿದ್ ತಾರೀಕು, ಹೊತ್ತು, ಪಾದ, ಎಲ್ಲಾ ಬರ್ಸಿ ಕಳ್ಸಿದ್ದೆ. ಹುಡುಗನ ಕಡೇರು ಇವತ್ತು ದೇವಸ್ಥಾನದಾಗೆ ಸಿಕ್ಕಿ, ಬರೀ ನಮಸ್ಕಾರ ಕಳ್ಸಿ ಸುಮ್ನಾದ್ರಲ್ಲ ಅಂತಾರೆ! ಜಾತ್ಕ ಬಂದೇ ಇಲ್ವಂತೆ!”

ನಾನು ದೂರು ಬರೆದುಕೊಂಡು ಸುಗತನಿಗೆ ಕೊಟ್ಟೆ. ಅವನು ಮೂಲ ತೆರೆದ.  ಹುಟ್ಟಿದ ದಿನ, ತಿಂಗಳು, ವರ್ಷ, ಗಂಟೆ, ನಿಮಿಷ. ಮದುವೆಯ ಪತ್ರದಲ್ಲಿ ಫೋನ್ ನಂಬರಿಗಿಂತ ಮೊದಲು ಬರುವ ಅಂಕೆಗಳು ಇವೇ. ಜಾತಕವೇ ಇಲ್ಲದ ಮನೆಯಲ್ಲಿ ಬೆಳೆದ ಸುಗತನಿಗೆ, ತಾನು ಎಷ್ಟು ಗಂಟೆಗೆ ಹುಟ್ಟಿದ್ದೆಂದೇ ಗೊತ್ತಿಲ್ಲದವನಿಗೆ, ಅದು ಹೊಳೆದೇ ಇರಲಿಲ್ಲ. ನಾನೂ ಹೇಳಲಿಲ್ಲ, ನಮ್ಮಲ್ಲೂ ಅದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ ‘ಎಷ್ಟಾದರೂ ಇರಲಿ’ ಎಂಬ ಜರಡಿಯ ಆ ನಕ್ಷತ್ರ ಊರಿನ ಜಾತಕಗಳನ್ನೆಲ್ಲ ನುಂಗಿ ಕೂತಿತ್ತು. ಇಷ್ಟು ದಿನ ಯಾಕೆ ಯಾರೂ ದೂರಲಿಲ್ಲ ಎಂದು ಮುನೀಂದ್ರ ಕೂಗಾಡಿದರು. ದೂರುವವರು ಯಾರು? ಜಾತಕ ಕಳಿಸಿ ಉತ್ತರ ಬಾರದಿದ್ದರೆ ಯಾರೂ ಕಂಪನಿಯನ್ನು ಬೈಯುವುದಿಲ್ಲ. ನಮ್ಮ ಹುಡುಗಿ ಅವರಿಗೆ ಹಿಡಿಸಲಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ಸುಗತ ಜರಡಿಯನ್ನು ತಿದ್ದಿದ. ಅಂಕೆಗಳ ನಡುವೆ ಇಷ್ಟೇ ದೂರ ಇರಬಹುದು ಎಂದು ಮಿತಿ ಹಾಕಿದ, ತಾರೀಕು ಮತ್ತು ಗಂಟೆಯ ರೂಪ ಕಂಡರೆ ಬಿಟ್ಟುಬಿಡು ಎಂದು ಸೇರಿಸಿದ. ಆಮೇಲೆ ನುಂಗಿದ ಪತ್ರಗಳನ್ನೆಲ್ಲ ಯಂತ್ರದ ಕೈಯಲ್ಲೇ ಹೊಸ ಜರಡಿಯಿಂದ ಸೋಸಿ, ಸೇರಬೇಕಾದವರಿಗೆ ಮತ್ತೆ ಕಳಿಸಿದ. ಒಂದನ್ನೂ ಅವನು ಓದಲಿಲ್ಲ. ಹಾಗೆ ಹೋದ ಪತ್ರಗಳಲ್ಲಿ ಒಂದು ಚಪ್ಪರದಲ್ಲಿದ್ದ ಅವನ ಅಂಚೆಡಬ್ಬಿಗೇ ಬಂದು ಬಿತ್ತು.

‘ನಮಸ್ಕಾರ. ಬಹಳ ಯೋಚನೆ ಮಾಡಿ ಬರೆಯುತ್ತಿದ್ದೇನೆ. 22ನೇ ತಾರೀಕು ಭಾನುವಾರ ಸಂಜೆ 4.30ಕ್ಕೆ ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಬೇರೆ ಕಡೆಯವರು ಒತ್ತಾಯ ಮಾಡುತ್ತಿದ್ದಾರೆ, ಅಪ್ಪ ಅವರಿಗೆ ಮಾತು ಕೊಡುವ ಮುಂಚೆ ನಿಮ್ಮನ್ನು ಒಮ್ಮೆ ನೋಡಲಿ ಎಂದು ನನ್ನ ಆಸೆ. ಕೆ.ಆರ್. ಪುರ ರೈಲ್ವೆ ಸ್ಟೇಷನ್, ಪ್ಲಾಟ್‌ಫಾರ್ಮ್ ನಂಬರ್ 1. ನಿಮಗೆ ಮನಸ್ಸಿದ್ದರೆ ಸಾಕು. ಭಾಗ್ಯ.’

ಅವನು ನನ್ನನ್ನು ಕರೆಯಲಿಲ್ಲ. ಅವನು ಪರದೆಗೆ ಮುಖ ತಾಗುವಷ್ಟು ಬಗ್ಗಿ ಕೂತಿದ್ದುದನ್ನು ಕಂಡು ನಾನೇ ಎದ್ದು ಹೋಗಿ ಓದಿದೆ. ಓದಿ ಅಲ್ಲೇ ಅತ್ತೆ. ನನಗೆ ನಾಚಿಕೆಯಾಗಲಿಲ್ಲ.

“ಹೋಗೋಣ ನಡೀರಿ” ಎಂದೆ. “ಗಂಡಸು ಒಬ್ಬರೇ ಹೋಗಿ ಮಕ್ಕಳ ಶಾಲೆ ಮುಂದೆ ನಿಂತ್ರೆ ಚೆನ್ನಾಗಿರಲ್ಲ. ನಾನೂ ಬರ್ತೀನಿ.”

ಶಾಲೆಯ ಹೆಸರು ಅವಳ ಪತ್ರಗಳಲ್ಲಿತ್ತು. ಮಧ್ಯಾಹ್ನ ಹೋದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಏನು ಹೇಳಬೇಕೆಂದು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದ. ಕೆ.ಆರ್. ಪುರದ ಮಾರುಕಟ್ಟೆಯ ಹಿಂದೆ ಎರಡು ಕೋಣೆಯ ಶಾಲೆ, ಗೇಟಿನ ಒಳಗೆ ಜಾರುಬಂಡೆ. ಮಕ್ಕಳಿಗೆ ಚಪ್ಪಲಿ ಹಾಕಿಸುತ್ತಿದ್ದವಳು ತಲೆಯೆತ್ತಿ ನೋಡಿದಳು. ಮೂಗಿನ ಮೇಲೆ ಬೆವರು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

“ನೀವು ಸುಗತ” ಎಂದಳು. ಕೇಳಿದ ಹಾಗಿರಲಿಲ್ಲ, ಹೇಳಿದ ಹಾಗಿತ್ತು.

ಸುಗತ ಹೇಳತೊಡಗಿದ. ಜರಡಿ, ಅಂಕೆ, ನಕ್ಷತ್ರ, ದನಕರು ಎಣಿಸಿದ ಮಹಾಶಯ, ಪಿಳ್ಳಪ್ಪನವರ ಜಾತಕ, ಎಲ್ಲ. ಇಷ್ಟನ್ನೆಲ್ಲ ಯಾಕೆ ಹೇಳುತ್ತಾನಪ್ಪಾ ಎಂದು ನನಗೆ ಚಡಪಡಿಕೆ. ಅವಳು ಮಾತ್ರ ಮಕ್ಕಳ ಉದ್ದುದ್ದ ಮಾತು ಕೇಳಿ ರೂಢಿಯಿದ್ದವಳು, ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿದಳು.

“ಹಂಗಾದ್ರೆ ನೀವು ಅದನ್ನ ಓದೇ ಇರ್ಲಿಲ್ಲ.”

“ಇಲ್ಲ.”

“ಓದಿದ್ರೆ ಬರ್ತಿದ್ರಾ?”

“ಬರ್ತಿದ್ದೆ.”

ಅವಳು ಒಂದು ಮಗುವಿನ ಚಪ್ಪಲಿ ಬಕಲ್ ಬಿಗಿಯುತ್ತಾ ಹೇಳಿದಳು: “ಆ ಭಾನುವಾರದ ಹಿಂದಿನ ದಿನ ನಿಮ್ಮ ಉತ್ತರ ನೋಡಿದೆ. ನಂಬರ್ ಬರೀಬೇಡಿ ಅಂತ ಇತ್ತು. ನಾನು ನಂಬರೇ ಬರ್ದಿರ್ಲಿಲ್ವಲ್ಲ ಅಂದ್ಕೊಂಡೆ. ಬೇಡ ಅನ್ನೋದನ್ನ ಮರ್ಯಾದೆಯಾಗಿ ಹೇಳಿದಾರೇನೋ ಅಂತಾನೂ ಅನ್ನಿಸ್ತು. ಆದ್ರೂ ಅಪ್ಪನ್ನ ಕರ್ಕೊಂಡು ಹೋದೆ. ಕತ್ತಲಾಗೋವರೆಗೂ ಕೂತಿದ್ವಿ. ಅಪ್ಪಂಗೆ ಮಂಡಿನೋವು, ಆದ್ರೂ ಏಳೋಣ ಅನ್ಲಿಲ್ಲ. ಮೊನ್ನೆ ನಿಶ್ಚಿತಾರ್ಥ ಆಯ್ತು. ಹೊಸಕೋಟೆ ಕಡೆಯವರು.”

“ಒಳ್ಳೇದಾಗ್ಲಿ” ಎಂದ ಸುಗತ. ಹೊರಡೋಣವೇ ಎನ್ನುವ ಹಾಗೆ ನನ್ನ ಕಡೆ ನೋಡಿದ.

“ಒಂದು ಕೇಳ್ಲಾ?” ಎಂದಳು ಅವಳು. “ಆ ಅಳಿಸಿದ್ದು ಎಲ್ಲೂ ಉಳಿದಿರ್ಲಿಲ್ವಾ?”

ಇಲ್ಲ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಸುಳ್ಳಿನಿಂದ ಯಾರ ಗಂಟೂ ಹೋಗುತ್ತಿರಲಿಲ್ಲ.

“ಉಳಿದಿತ್ತು. ನನ್ನ ಹತ್ರನೇ ಇತ್ತು.”

“ತೆಗೆದು ನೋಡ್ಬಹುದಿತ್ತಾ?”

“ನೋಡ್ಬಹುದಿತ್ತು. ಬೇರೆಯವರ ಪತ್ರ ತೆಗೀಬಾರ್ದು ಅಂತ ನಾನೇ ನಿಯಮ ಮಾಡಿದ್ದೆ.”

ಅವಳು ಎದ್ದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

“ಬೇರೆಯವರದ್ದು ಹೆಂಗಾಗ್ತದೆ? ಅದು ನಿಮಗೆ ಬರ್ದಿದ್ದಲ್ವಾ.”

ಮಕ್ಕಳು ಬಂದು ಸೆರಗು ಹಿಡಿದು ಎಳೆದವು, ಅವಳು ಒಳಗೆ ಹೋದಳು. ನಾವು ಬಸ್ ನಿಲ್ದಾಣಕ್ಕೆ ಬಂದೆವು. ಶಿವಾಜಿನಗರದ ಬಸ್ಸು ಬಂತು, ಅವನು ಹತ್ತಲಿಲ್ಲ, ನಾನೂ ಹತ್ತಲಿಲ್ಲ. ಇನ್ನೊಂದು ಬಂತು, ಹೋಯಿತು.

“ಹೌದಲ್ವಾ ಕುಲ್ಸುಂ” ಎಂದ ಸುಗತ. “ಅದು ನನಗೆ ಬರ್ದಿದ್ದು.”